ಎರಡನೆಯ ಪೆಟ್ಟು

ಅವನಿಗೆ ‘ಬದಲಿ’ ಎಂಬ ಹೆಸರು ಬಿದ್ದದ್ದು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ಅಲ್ಲಿಯತನಕ ಬೀದಿಯವರಿಗೆಲ್ಲ ಅವನು ಹೊಲಿಗೆ ಮೆಷಿನ್ ರಿಪೇರಿಯವನು, ಅಷ್ಟೇ. ಅಕ್ಕ-ಭಾವನ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಕಿಟಕಿಯ ಪಕ್ಕಕ್ಕೆ ಒಂದು ಉದ್ದನೆಯ ಮೇಜು, ಅದರ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಮೂರು ನಾಲ್ಕು ಮೆಷಿನ್ನು, ಎಣ್ಣೆ ಕುಡಿದು ಕಪ್ಪಾದ ಬಟ್ಟೆಚೂರು, ಗಾಜಿನ ಬಾಟಲಿಗಳಲ್ಲಿ ವಿಂಗಡಿಸಿಟ್ಟ ಸ್ಕ್ರೂ, ಸ್ಪ್ರಿಂಗು, ಬಾಬಿನ್ನು. ಮೆಷಿನ್ ತಂದವರು ಏನಾಗಿದೆಯೆಂದು ವಿವರಿಸಲು ಹೊರಟರೆ ಅವನು ಕೈ ಎತ್ತಿ ತಡೆಯುತ್ತಿದ್ದ. “ನೀವು ಹೇಳಬೇಡಿ, ಅದೇ ಹೇಳುತ್ತೆ” ಎಂದು ಚಕ್ರವನ್ನು ನಾಲ್ಕು ಸುತ್ತು ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದ. ಎಲ್ಲಿ ಸವೆದಿದೆ, ಎಲ್ಲಿ ಸಡಿಲವಾಗಿದೆ ಎನ್ನುವುದು ಸದ್ದಿನಲ್ಲೇ ಅವನಿಗೆ ಗೊತ್ತಾಗಿಬಿಡುತ್ತಿತ್ತು.

“ಮನುಷ್ಯರ ಮಾತು ಇವನ ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಬರುತ್ತೆ, ಮೆಷಿನ್ ಮಾತು ಮಾತ್ರ ಒಳಗೇ ಉಳಿಯುತ್ತೆ” ಎನ್ನುತ್ತಿದ್ದಳು ಅಕ್ಕ. ಅವಳ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ತಮ್ಮನ ಕೈ ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಅಂಚು, ಸ್ನಾನಕ್ಕೆ ಹೋದರೆ ಬಕೆಟ್ಟು, ಏನೂ ಸಿಗದಿದ್ದರೆ ತನ್ನದೇ ಮೊಣಕಾಲು, ಬಾರಿಸುತ್ತಲೇ ಇರಬೇಕು.

ಒಂದು ಮಧ್ಯಾಹ್ನ ಕರೆಂಟು ಕೆಲಸದವನೊಬ್ಬ ಅಂಗಡಿಗೆ ಬಂದ. ಬಡಕಲು ಮೈಯ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಡ್ಡಿ ಎಂದೇ. ಚೀಲದಿಂದ ಅವನು ಹೊರತೆಗೆದದ್ದು ಹೊಲಿಗೆ ಮೆಷಿನ್ನಿನ ಭಾಗವಲ್ಲ, ಕಾಲಿನಿಂದ ದೊಡ್ಡ ಡ್ರಮ್ಮು ಬಾರಿಸುವ ಪೆಡಲ್ಲು. ಸ್ಪ್ರಿಂಗು ಮುರಿದಿತ್ತು.

“ಇದು ನಿಮ್ಮ ಕೆಲಸ ಅಲ್ಲ, ಗೊತ್ತು. ಆದರೆ ಊರಲ್ಲಿ ಇದನ್ನ ಮುಟ್ಟೋರು ಯಾರೂ ಇಲ್ಲ” ಎಂದ ಕಡ್ಡಿ.

ಹಳೆಯ ಮೆಷಿನ್ನಿನ ಸ್ಪ್ರಿಂಗೊಂದನ್ನು ಕತ್ತರಿಸಿ, ಬಗ್ಗಿಸಿ ಕೂರಿಸಲು ಅರ್ಧ ಗಂಟೆ ಹಿಡಿಯಿತು. ಸರಿಯಾಯಿತೇ ಎಂದು ನೋಡಲು ಅವನು ಪೆಡಲನ್ನು ನೆಲಕ್ಕಿಟ್ಟು ಮರದ ಪೆಟ್ಟಿಗೆಯೊಂದಕ್ಕೆ ಒರಗಿಸಿ ಕಾಲಿನಿಂದ ತುಳಿದ. ಕೈಗಳು ತಾವಾಗಿಯೇ ಮೇಜಿನ ಮೇಲೆ ಜೊತೆಗೂಡಿದವು. ಕಡ್ಡಿ ನಿಂತಲ್ಲೇ ನಿಂತು ಕೇಳಿದ.

“ಬಾರಿಸ್ತೀರಾ ನೀವು?”

“ಸ್ಕೂಲಲ್ಲಿ ಪರೇಡಿಗೆ ಬಾರಿಸ್ತಿದ್ದೆ.”

“ಈಗ?”

“ಈಗ ಅಕ್ಕನ ಪಾತ್ರೆ.”

ಕಡ್ಡಿ ನಕ್ಕ. ಆಮೇಲೆ ನಗು ನಿಲ್ಲಿಸಿ, “ನಮ್ಮಲ್ಲಿ ಒಬ್ಬ ಬೇಕು” ಎಂದ.

ಅವರ ಬ್ಯಾಂಡಿನ ಹೆಸರು ‘ಕೊನೇ ಬಸ್ಸು’. ಆ ಹೆಸರಿಟ್ಟವನು ಹಾಡುಗಾರ. ಬಸ್ ನಿಲ್ದಾಣದಲ್ಲಿ ಗಾಜಿನ ಗೂಡಿನೊಳಗೆ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಂದ ಹೊರಡುತ್ತದೆಂದು ಮೈಕಿನಲ್ಲಿ ಕೂಗಿ ಹೇಳುವುದು ಅವನ ನೌಕರಿ. ಆ ಗತ್ತಿನ ದನಿಗೆ ಗೆಳೆಯರು ಅವನನ್ನು ದೊರೆ ಎನ್ನುತ್ತಿದ್ದರು. ಕಡ್ಡಿ ಗಿಟಾರು ನುಡಿಸುತ್ತಿದ್ದ. ದಪ್ಪ ತಂತಿಯ ಬೇಸ್ ಗಿಟಾರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರ ಪಾಲು. ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದದ್ದು ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಶೀತಲ ಕೋಣೆಯಲ್ಲಿ. ಗೋಡೆಗಳಿಗೆ ಒಂದು ಗೇಣು ದಪ್ಪ ಬೆಂಡು ಹೊಡೆದಿದ್ದರಿಂದ ಎಷ್ಟು ಗದ್ದಲ ಮಾಡಿದರೂ ಹೊರಗೆ ಕೇಳುತ್ತಿರಲಿಲ್ಲ. ಫ್ಯಾಕ್ಟರಿ ನಿಂತು ವರ್ಷಗಳಾಗಿದ್ದರೂ ಅಲ್ಲಿ ಮೂಳೆಗೆ ತಾಗುವಂಥ ಚಳಿಯೊಂದು ಉಳಿದುಕೊಂಡಿತ್ತು.

ಮೂಲೆಯಲ್ಲಿ ಡ್ರಮ್ಮುಗಳು ಸಿದ್ಧವಾಗಿದ್ದವು. ಸ್ಟೂಲಿನ ಚರ್ಮದಲ್ಲಿ ಯಾರದೋ ತೊಡೆಯ ತಗ್ಗು ಬಿದ್ದಿತ್ತು. ಎರಡು ಕೋಲುಗಳ ಹಿಂತುದಿಯಲ್ಲಿ ಹಲ್ಲಿನ ಗುರುತು. ಪಕ್ಕದ ಮೊಳೆಗೆ ಒಂದು ಬೆವರೊರೆಸುವ ಬಟ್ಟೆ, ಒಣಗಿ ಗರಿಗರಿಯಾಗಿ ಹಾಗೇ ತೂಗುತ್ತಿತ್ತು.

“ಯಾರದು?” ಎಂದು ಕೇಳಿದ.

ಹೇಳಿದವರು ಮೇಷ್ಟ್ರು. ಎಂಟು ತಿಂಗಳ ಹಿಂದೆ ಅವರ ಡ್ರಮ್ಮರು ಒಂದು ಬೆಳಿಗ್ಗೆ ಸೈಕಲ್ಲು ಹತ್ತಿ ಮನೆಯಿಂದ ಹೊರಟವನು ಮತ್ತೆ ಕಾಣಲಿಲ್ಲ. ಮೂರನೆಯ ದಿನ ನದಿಯ ಸೇತುವೆಯ ಮೇಲೆ ಸೈಕಲ್ಲು ಸಿಕ್ಕಿತು. ಪೊಲೀಸರು ಬಂದರು, ಈಜುಗಾರರು ನೀರಿಗಿಳಿದರು. ಏನೂ ಸಿಗಲಿಲ್ಲ. ಅಲ್ಲಿ ಪ್ರವಾಹ ಜೋರು, ದೇಹ ದೂರ ಹೋಗಿರಬೇಕು ಎಂದು ಎಲ್ಲರೂ ಒಪ್ಪಿಕೊಂಡರು. ಅವನ ತಾಯಿಯೊಬ್ಬಳನ್ನು ಬಿಟ್ಟು.

ಮೇಷ್ಟ್ರು ನಾಲ್ಕು ಕ್ಯಾಸೆಟ್ಟು ಕೈಗಿಟ್ಟರು. ಎಲ್ಲ ಹಾಡೂ ಅವುಗಳಲ್ಲಿದ್ದವು.

“ಅವನು ಬಾರಿಸಿದ ಹಾಗೇ ಬಾರಿಸು” ಎಂದ ದೊರೆ. “ನಿನ್ನದು ಅಂತ ಏನೂ ಸೇರಿಸಬೇಡ. ನೀನು ಸದ್ಯಕ್ಕೆ ಬದಲಿ.”

ಹೆಸರು ಅಲ್ಲಿಂದ ಅಂಟಿಕೊಂಡಿತು.

ಎರಡು ತಿಂಗಳು ಬದಲಿ ಆ ಕ್ಯಾಸೆಟ್ಟುಗಳನ್ನು ಕೆಟ್ಟ ಮೆಷಿನ್ನು ಕೇಳಿದ ಹಾಗೆ ಕೇಳಿದ. ಆ ಡ್ರಮ್ಮರನ ಕೈಯಲ್ಲೊಂದು ವಿಚಿತ್ರವಿತ್ತು. ನಾಲ್ಕು ಪೆಟ್ಟಿನಲ್ಲಿ ಎರಡನೆಯದು ಒಂದು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ತಪ್ಪೆಂದು ಹೇಳಿದರೆ ತಪ್ಪು. ಆದರೆ ಆ ತಡದಿಂದಲೇ ಹಾಡು ಯಾರನ್ನೋ ಕಾಯುತ್ತ ನಿಂತಂತೆ ಕೇಳಿಸುತ್ತಿತ್ತು. ಬೇಕೆಂದೇ ತಡಮಾಡಿದರೆ ಅದು ಬರುತ್ತಿರಲಿಲ್ಲ. ಮರೆತು ಬಾರಿಸಿದಾಗ ಮಾತ್ರ ಬರುತ್ತಿತ್ತು. ಮೊದಲ ಸಲ ಅದು ಸರಿಯಾಗಿ ಬಂದ ದಿನ ಕಡ್ಡಿ ಗಿಟಾರು ನಿಲ್ಲಿಸಿ ಹಿಂತಿರುಗಿ ನೋಡಿದ. ನೋಡಿ, ಮುಖ ತಿರುಗಿಸಿಕೊಂಡ.

ಬದಲಿಯ ಮೊದಲ ಕಾರ್ಯಕ್ರಮ ಒಂದು ಕಾಲೇಜಿನ ಸಭಾಂಗಣದಲ್ಲಿ. ಕೇಳಲು ಬಂದವರಿಗಿಂತ ಕುರ್ಚಿಗಳೇ ಹೆಚ್ಚು. ಮೂರನೆಯ ಹಾಡಿನ ಹೊತ್ತಿಗೆ ಕಂಬದ ಪಕ್ಕದಲ್ಲಿ ಒಬ್ಬ ಹೆಂಗಸು ಕಣ್ಣು ಮುಚ್ಚಿ ನಿಂತಿದ್ದು ಅವನಿಗೆ ಕಾಣಿಸಿತು. ಅರವತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಬಟ್ಟೆಚೀಲ. ಮುಗಿದ ಮೇಲೆ ಆಕೆ ನೇರವಾಗಿ ವೇದಿಕೆಯ ಮೇಲೆ ಬಂದಳು.

“ಕೈ ತೋರಿಸು” ಎಂದಳು.

ಅವನು ತೋರಿಸಿದ. ಆಕೆ ಎರಡೂ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಆಕೆಯ ಬೆರಳ ತುದಿಗಳು ಅಂಟು ಮೆತ್ತಿ ಮೆತ್ತಿ ಒರಟಾಗಿದ್ದವು. ಛಾಪಖಾನೆಯಲ್ಲಿ ಪುಟ ಮಡಿಚಿ ಪುಸ್ತಕ ಕಟ್ಟುವ ಕೆಲಸ ಅವಳದು. ಅಲ್ಲಿ ಎಲ್ಲರಿಗೂ ಬೈಂಡಿಂಗ್ ಅಮ್ಮ.

“ಅವನ ಕೈ ಅಲ್ಲ” ಎಂದಳು. “ಆದರೆ ಕಣ್ಣು ಮುಚ್ಚಿದರೆ ಅವನೇ.”

ಅಂದಿನಿಂದ ಬೈಂಡಿಂಗ್ ಅಮ್ಮ ಯಾವ ಕಾರ್ಯಕ್ರಮವನ್ನೂ ತಪ್ಪಿಸಲಿಲ್ಲ. ಬೇರೆ ಊರಾದರೂ ಬಸ್ಸು ಹಿಡಿದು ಬರುತ್ತಿದ್ದಳು. ಮುಗಿದ ಮೇಲೆ ಬದಲಿಯ ಹತ್ತಿರ ಎರಡು ಮಾತು. ಊಟ ಆಯ್ತಾ, ಬೆನ್ನು ನೆಟ್ಟಗಿಟ್ಟು ಕೂರು, ಅವನಿಗೂ ಬೆನ್ನು ನೋಯ್ತಿತ್ತು. ತಾಯಿಯನ್ನು ಚಿಕ್ಕವನಿದ್ದಾಗಲೇ ಕಳೆದುಕೊಂಡ ಬದಲಿಗೆ ಅದು ಹಿತವಾಗಿತ್ತು. ಯಾರಿಗೋ ಬಂದ ಕಾಗದವನ್ನು ತಾನು ಒಡೆದು ಓದುತ್ತಿದ್ದೇನೆ ಎಂಬ ಅಳುಕೂ ಜೊತೆಗಿತ್ತು.

ಆರು ತಿಂಗಳಿಗೆ ದೊರೆ ಒಂದು ಹೊಸ ಹಾಡು ಬರೆದು ತಂದ. ಬಸ್ ನಿಲ್ದಾಣದ ಟೈಮ್ ಟೇಬಲ್ಲಿನ ಹಿಂಬದಿಯಲ್ಲಿ ಬರೆದಿದ್ದ.

*ಸೇತುವೆ ಮೇಲೆ ಸೈಕಲ್ಲೊಂದು ನಿಂತೇ ಇದೆ,*
*ಹತ್ತುವವನ ಕಾದು ಬೆಲ್ಲು ತುಕ್ಕು ಹಿಡಿದಿದೆ.*

ಓದಿ ಮುಗಿಸಿದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಹಾಡಿನ ನಡುವೆ ಎಲ್ಲ ವಾದ್ಯವೂ ನಿಂತು ಡ್ರಮ್ಮೊಂದೇ ಹದಿನಾರು ಸುತ್ತು ಬಾರಿಸಬೇಕು, ಎರಡನೆಯ ಪೆಟ್ಟು ತಡವಾಗುತ್ತ. ಅದು ಸತ್ತವನ ಪಾಲು ಎಂದ ದೊರೆ.

ಆ ಹಾಡು ಅವರ ಹಣೆಬರಹ ಬದಲಿಸಿತು. ಮೊದಲು ಊರಿನ ರೇಡಿಯೋ, ಆಮೇಲೆ ದೊಡ್ಡ ರೇಡಿಯೋ. ಖಾಲಿ ಕುರ್ಚಿಗಳಿದ್ದ ಜಾಗದಲ್ಲಿ ಜನ ಗೋಡೆಗೆ ಅಂಟಿಕೊಂಡು ನಿಲ್ಲತೊಡಗಿದರು. ಹೋಟೆಲಿನಲ್ಲಿ ಕಪ್ ತೊಳೆಯುವವರು, ಕಾಲೇಜು ಹುಡುಗಿಯರು, ಲಾರಿ ಡ್ರೈವರುಗಳು, ಎಲ್ಲರ ಬಾಯಲ್ಲೂ ಅದೇ. ಕಳೆದುಹೋದ ಒಬ್ಬರಾದರೂ ಇಲ್ಲದ ಮನೆ ಯಾವುದು? ಎಲ್ಲರೂ ತಮ್ಮ ತಮ್ಮವರನ್ನು ಆ ಸೈಕಲ್ಲಿನ ಮೇಲೆ ಕೂರಿಸಿಕೊಂಡರು. ಅಂಗಡಿಯಲ್ಲಿ ಮೆಷಿನ್ನು ತಂದವರು ಬದಲಿಯ ಮುಖ ನೋಡಿ, “ನೀವೇ ಅಲ್ವಾ?” ಎನ್ನುವಂತಾಯಿತು. ಅಕ್ಕನಿಗೆ ಹೆಮ್ಮೆಯೋ ಹೆಮ್ಮೆ. ಭಾವ ಮಾತ್ರ, “ಟಿವಿಯಲ್ಲಿ ಬಂದರೂ ಸರಿ, ನನ್ನ ಊಟದ ತಟ್ಟೆ ಮುಟ್ಟಕೂಡದು” ಎಂದು ಕರಾರು ಹಾಕಿದ.

ಹಾಡಿನ ಜೊತೆಗೆ ದೊರೆಯೂ ಬೆಳೆದ. ಮೊದಮೊದಲು ಏನೂ ಹೇಳದೆ ಹಾಡು ಶುರುಮಾಡುತ್ತಿದ್ದವನು ಆಮೇಲೆ ಗೆಳೆಯನ ಕಥೆ ಹೇಳತೊಡಗಿದ. ಆಮೇಲೆ ವೇದಿಕೆಗೊಂದು ಹಳೇ ಸೈಕಲ್ಲು ಬಂತು. ಅದರ ಮೇಲೊಂದು ದೀಪ ಬಿತ್ತು. ಮೇಷ್ಟ್ರು ಒಂದು ಸಲ, “ಇಷ್ಟೆಲ್ಲ ಬೇಕಾ?” ಎಂದರು. “ಜನಕ್ಕೆ ಬೇಕು” ಎಂದ ದೊರೆ.

ಬದಲಿಯಲ್ಲೂ ಏನೋ ಬದಲಾಗುತ್ತಿತ್ತು. ರಿಪೇರಿಯಾದ ಮೆಷಿನ್ನನ್ನು ತುಳಿದು ನೋಡುವಾಗ ಕಾಲು ಆ ತಡದಲ್ಲೇ ಬೀಳುತ್ತಿತ್ತು. ಹೊಲಿಗೆ ಒಂದು ಉದ್ದ ಒಂದು ಗಿಡ್ಡ ಬಂದು ದರ್ಜಿಯೊಬ್ಬ ಮೆಷಿನ್ನು ವಾಪಸು ತಂದ. “ನಿನ್ನ ಮೆಟ್ಟಿಲು ಹತ್ತೋ ಸದ್ದೇ ಬೇರೆ ಆಗಿದೆ ಕಣೋ” ಎಂದಳು ಅಕ್ಕ. “ಯಾರೋ ಬಂದರು ಅಂತ ಎದ್ದು ನೋಡ್ತೀನಿ, ನೀನು.” ಐಸ್ ಫ್ಯಾಕ್ಟರಿಯ ಗೋಡೆಯ ಮೇಲೆ ಹಳೆಯ ನಾಲ್ವರ ಫೋಟೋ ಇತ್ತು. ಅದರಲ್ಲಿ ಕೋಲು ಹಿಡಿದು ನಿಂತವನನ್ನು ಬದಲಿ ಒಮ್ಮೊಮ್ಮೆ ನೋಡುತ್ತಿದ್ದ. ಹೆದರಿಕೆಯಾಗುತ್ತಿರಲಿಲ್ಲ. ಸತ್ತವನು ತನ್ನ ಕೈಯಲ್ಲಿ ಸ್ವಲ್ಪ ಹೊತ್ತು ಬದುಕಿದರೆ ಯಾರಿಗೇನು ನಷ್ಟ ಎಂದುಕೊಳ್ಳುತ್ತಿದ್ದ.

ಎರಡು ವರ್ಷ ಹೀಗೆ ನಡೆಯಿತು. ಒಮ್ಮೆ ಎಂಟು ಗಂಟೆ ದಾರಿಯ ಒಂದು ಊರಿಗೆ ಹೋಗಿದ್ದರು. ಕಾರ್ಯಕ್ರಮ ಸಂಜೆಗೆ. ಬೆಳಿಗ್ಗೆ ಹತ್ತರ ಸುಮಾರಿಗೆ ಬದಲಿ ಒಬ್ಬನೇ ಪೇಟೆ ನೋಡಲು ಹೊರಟ. ತಗಡಿನ ಟ್ರಂಕು ಮಾಡುವವರ ಬೀದಿಯೊಂದು ಸಿಕ್ಕಿತು. ಐದಾರು ಅಂಗಡಿ, ಎಲ್ಲದರಲ್ಲೂ ಸುತ್ತಿಗೆ, ಕಿವಿ ಹರಿಯುವ ಗಲಾಟೆ. ಅರ್ಧ ಬೀದಿ ದಾಟಿದ್ದ ಅವನ ಕಾಲು ತಾನಾಗಿ ನಿಂತಿತು. ಆ ಗಲಾಟೆಯೊಳಗೆ ಒಂದು ಸುತ್ತಿಗೆ ಮಾತ್ರ ಬೇರೆಯಾಗಿ ಕೇಳಿಸುತ್ತಿತ್ತು. ನಾಲ್ಕು ಪೆಟ್ಟು. ಎರಡನೆಯದು ತಡ.

ಬಿಸಿಲಲ್ಲಿ ನಿಂತಿದ್ದರೂ ಬದಲಿಯ ಬೆನ್ನಿಗೆ ಐಸ್ ಫ್ಯಾಕ್ಟರಿಯ ಚಳಿ ತಾಗಿದಂತಾಯಿತು. ಸದ್ದು ಹಿಡಿದು ನಡೆದ. ಕೊನೆಯಿಂದ ಎರಡನೆಯ ಅಂಗಡಿಯಲ್ಲಿ ಗಡ್ಡದವನೊಬ್ಬ ಟ್ರಂಕಿನ ಮುಚ್ಚಳದ ಅಂಚು ಮಡಿಚುತ್ತ ಕೂತಿದ್ದ. ಗಡ್ಡವನ್ನು ಕಣ್ಣಿನಲ್ಲೇ ಬೋಳಿಸಿ ನೋಡಿದರೆ ಗೋಡೆಯ ಮೇಲಿನ ಫೋಟೋ.

“ಟ್ರಂಕು ಬೇಕಿತ್ತಾ?” ಎಂದ ಗಡ್ಡದವನು.

“ಇಲ್ಲ. ನಾನು... ನಿಮ್ಮ ಸ್ಟೂಲಿನ ಮೇಲೆ ಕೂರೋನು.”

ಸುತ್ತಿಗೆ ನಿಂತಿತು. ಅವನು ಬಹಳ ಹೊತ್ತು ಬದಲಿಯ ಕೈಗಳನ್ನೇ ನೋಡಿದ. ಆಮೇಲೆ ಒಳಗಿನ ಬಾಗಿಲಿನತ್ತ ತಿರುಗಿ, “ಟೀ ಕುಡಿದು ಬರ್ತೀನಿ” ಎಂದು ಕೂಗಿದ. “ಆಯ್ತು, ಬೇಗ ಬನ್ನಿ” ಎಂದು ಒಂದು ಹೆಣ್ಣುದನಿ ಬಂತು. ಜೊತೆಗೆ ಮಗುವೊಂದರ ಕೇಕೆ.

ಟೀ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಇಬ್ಬರೂ ಕೂತರು.

“ಹೇಗೆ ಗೊತ್ತಾಯ್ತು?”

“ಸದ್ದಿನಿಂದ.”

“ಅಷ್ಟು ಕಲ್ತಿದ್ದೀಯಾ ನನ್ನ?” ಎಂದ ಅವನು. ಅದರಲ್ಲಿ ಮೆಚ್ಚುಗೆ ಇರಲಿಲ್ಲ.

ಯಾಕೆ ಹೀಗೆ ಮಾಡಿದಿರಿ ಎಂದು ಬದಲಿ ಕೇಳಿದ. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದ: “ಆ ದಿನ ನಾನು ಸೇತುವೆಗೆ ಹೋಗಿದ್ದು ಹಾರೋಕೇ. ಕಾರಣ ಅಂತ ಒಂದು ಇದ್ದಿದ್ದರೆ ಹೇಳ್ತಿದ್ದೆ. ಒಳಗೆಲ್ಲ ಖಾಲಿ ಆಗಿತ್ತು, ಅಷ್ಟೇ. ನಿಂತೆ, ನಿಂತೆ, ಹಾರಲಿಲ್ಲ. ಹಾರದೇ ಇದ್ದೋನು ಮತ್ತೆ ಮನೆಗೆ ಹೇಗೆ ಹೋಗೋದು ಅನ್ನೋದು ತಿಳೀಲಿಲ್ಲ. ಸೈಕಲ್ಲು ಅಲ್ಲೇ ಬಿಟ್ಟು ಬಸ್ ಹತ್ತಿದೆ.”

“ಅಮ್ಮ?”

“ನಾಳೆ ಬರೀತೀನಿ, ನಾಡಿದ್ದು ಬರೀತೀನಿ ಅಂತ ಇದ್ದೆ. ಅಷ್ಟರಲ್ಲಿ ರೇಡಿಯೋದಲ್ಲಿ ನಾನು ಸತ್ತ ಹಾಡು ಬಂತು.” ಅವನು ಒಂದು ಗುಟುಕು ಕುಡಿದ. “ಒಳ್ಳೇ ಹಾಡು. ಅದರಲ್ಲಿರೋನು ನನಗಿಂತ ಒಳ್ಳೆಯವನು. ಅವನನ್ನ ಕೊಂದು ನಾನು ಹೇಗೆ ವಾಪಸು ಬರ್ಲಿ?”

“ಅಮ್ಮ ಪ್ರತಿ ಕಾರ್ಯಕ್ರಮಕ್ಕೂ ಬರ್ತಾರೆ. ಕಣ್ಣು ಮುಚ್ಚಿಕೊಂಡು ನಿಲ್ತಾರೆ.”

ಕೆಳಗಿಟ್ಟ ಲೋಟದಿಂದ ಟೀ ತುಳುಕಿತು. ಅವನು ಅದನ್ನು ಬೆರಳಿನಿಂದ ಬೆಂಚಿನ ಮೇಲೆ ಒರೆಸುತ್ತ ಕೂತ. ಇಲ್ಲಿ ತನಗೆ ಬೇರೆ ಹೆಸರು, ತನ್ನ ಕಡೆಯವರು ಯಾರೂ ಇಲ್ಲವೆಂದು ಹೆಂಡತಿಗೆ ಹೇಳಿದ್ದೇನೆ ಎಂದ. ನಾನೇ ಬರ್ತೀನಿ, ಅಮ್ಮನಿಗೆ ನಾನೇ ಹೇಳ್ತೀನಿ, ಅಲ್ಲಿತನಕ ನೀನು ಬಾಯಿ ಬಿಡಬೇಡ ಎಂದು ಕೈ ಹಿಡಿದುಕೊಂಡ.

“ಯಾವಾಗ ಬರ್ತೀರಿ?”

“ಬರ್ತೀನಿ ಅಂದೆನಲ್ಲ.”

ಬದಲಿ ಆಗಲಿ ಎಂದ. ಆಮೇಲೆ ಅವನು ಬದುಕಿನುದ್ದಕ್ಕೂ ತಿರುಗಿಸಿ ನೋಡಿದ್ದು ಆ ಒಂದು ಮಾತನ್ನೇ.

ಅಂದು ಸಂಜೆ ಬೈಂಡಿಂಗ್ ಅಮ್ಮ ಎಂದಿನಂತೆ ಬಂದಿದ್ದಳು. ಎಂಟು ಗಂಟೆ ಬಸ್ಸಿನಲ್ಲಿ ಕೂತು ಬಂದು, ಮಗನ ಮನೆಯಿಂದ ಹತ್ತು ನಿಮಿಷದ ದೂರದಲ್ಲಿ, ಮಗ ಸತ್ತ ಹಾಡಿಗೆ ಕಣ್ಣು ಮುಚ್ಚಿ ನಿಂತಿದ್ದಳು. ಹದಿನಾರು ಸುತ್ತು ಬಂದಾಗ ಬದಲಿಯ ಕೈ ಬೆವೆತು ಕೋಲು ಜಾರಿತು. ತಡದ ಪೆಟ್ಟು ಬೀಳಲಿಲ್ಲ, ನಾಲ್ಕೂ ನೆಟ್ಟಗೆ ಬಿದ್ದವು.

“ಇವತ್ಯಾಕೋ ಅವನು ಬರಲಿಲ್ಲ” ಎಂದಳು ಆಮೇಲೆ, ಅವನ ಭುಜ ಸವರಿ. “ಆಯಾಸ ಆಗಿದೆ ನಿನಗೆ.”

ಸತ್ತವನ ಜಾಗದಲ್ಲಿ ಕೂರುವುದು ಅವನಿಗೆ ಕಷ್ಟವೆನಿಸಿರಲಿಲ್ಲ. ಬದುಕಿರುವವನ ಜಾಗದಲ್ಲಿ ಕೂರುವುದು ಆಗದ ಮಾತಾಯಿತು. ವೇದಿಕೆಯ ಮೇಲೆ ಸ್ಟೂಲಿನ ಹಿಂದೆ ಯಾರೋ ನಿಂತಿರುವ ಹಾಗೆ, ಬಸ್ಸಿನಲ್ಲಿ ಸೀಟು ಬಿಡಲೆಂದು ಕಾಯುತ್ತಿರುವವರ ಹಾಗೆ, ಕುತ್ತಿಗೆಯ ಮೇಲೆ ಉಸಿರು. ತಿರುಗಿದರೆ ಪರದೆ. ಅಂಗಡಿಯ ಮುಂದೆ ಗಡ್ಡದವರು ಹಾದುಹೋದರೆ ಕೆಲಸ ಬಿಟ್ಟು ಎದ್ದು ನೋಡುತ್ತಿದ್ದ. ಟ್ರಂಕಿನ ಅಂಗಡಿಗೆ ಒಂದು ಕಾಗದ ಬರೆದ, ಉತ್ತರವಿಲ್ಲ. ಇನ್ನೊಂದು ಬರೆದ. ಅದಕ್ಕೂ ಇಲ್ಲ. ಅಷ್ಟರಲ್ಲಿ ಇನ್ನೂ ಒಂಬತ್ತು ಕಾರ್ಯಕ್ರಮಗಳಾದವು. ಒಂಬತ್ತರಲ್ಲೂ ಅಮ್ಮ ಬಂದಿದ್ದಳು. ಒಂದು ಸಲ ಬದಲಿ, “ಅವನು ಎಲ್ಲೋ ಇದ್ದಾನೆ ಅನ್ನಿಸುತ್ತಾ ನಿಮಗೆ?” ಎಂದು ಕೇಳಿಬಿಟ್ಟ. ಆಕೆ ನಕ್ಕಳು. “ಇದ್ದಿದ್ದರೆ ನನಗೆ ಒಂದು ಮಾತು ಹೇಳದೇ ಇರ್ತಿದ್ನಾ? ಮೊದಮೊದಲು ನಂಬಿರಲಿಲ್ಲ. ನಿಮ್ಮ ಹಾಡು ಕೇಳಿ ಕೇಳಿ ನಂಬಿದೆ.”

ಐದನೆಯ ತಿಂಗಳು ಒಂದು ರಜೆಯ ಮಧ್ಯಾಹ್ನ ದೊರೆ ಎಲ್ಲರನ್ನೂ ಐಸ್ ಫ್ಯಾಕ್ಟರಿಗೆ ಕರೆದ. ದೊಡ್ಡ ಕಂಪನಿಯೊಂದು ಅವರ ಹಾಡುಗಳನ್ನು ಹೊರತರಲು ಒಪ್ಪಿತ್ತು. ಮುಖಪುಟದಲ್ಲಿ ಸೇತುವೆ, ಸೈಕಲ್ಲು, ಪಕ್ಕದಲ್ಲಿ ಬೈಂಡಿಂಗ್ ಅಮ್ಮ ನಿಂತ ಫೋಟೋ. ಬಿಡುಗಡೆಯ ದಿನ ಆಕೆ ವೇದಿಕೆಯ ಮೇಲೆ ಸೈಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರಬೇಕು.

“ಅವರನ್ನ ನಾನು ಒಪ್ಪಿಸ್ತೀನಿ” ಎಂದ ದೊರೆ.

“ಬೇಡ” ಎಂದ ಬದಲಿ.

“ಯಾಕೆ?”

“ಅವನು ಬದುಕಿದ್ದಾನೆ. ನಾನು ನೋಡಿದೆ, ಮಾತಾಡಿದೆ. ಹೆಂಡತಿ ಇದ್ದಾಳೆ, ಮಗು ಇದೆ.”

ಕಡ್ಡಿಯ ಕೈಯಿಂದ ವೈರಿನ ಸುರುಳಿ ಜಾರಿ ಬಿತ್ತು. “ಎಲ್ಲಿ? ಯಾವ ಊರಲ್ಲಿ?” ಎಂದು ಅವನು ಎದ್ದೇಬಿಟ್ಟ. ಬದಲಿ ಎಲ್ಲವನ್ನೂ ಹೇಳಿದ, ಟ್ರಂಕಿನ ಬೀದಿ, ಟೀ, ಕೊಟ್ಟ ಮಾತು. ಹೇಳಿ ಮುಗಿದ ಮೇಲೆ ಮೇಷ್ಟ್ರು ಬದಲಿಯನ್ನು ನೋಡಲಿಲ್ಲ. ದೊರೆಯನ್ನು ನೋಡುತ್ತಿದ್ದರು.

“ನೀನ್ಯಾಕೆ ಏನೂ ಕೇಳಲಿಲ್ಲ?” ಎಂದರು ನಿಧಾನಕ್ಕೆ, ಲೆಕ್ಕ ತಪ್ಪಿದ ಹುಡುಗನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಕೇಳುವ ದನಿಯಲ್ಲಿ. “ಸತ್ತ ಗೆಳೆಯ ಬದುಕಿದ್ದಾನೆ ಅಂತಿದ್ದಾನೆ ಇವನು. ನಿಜಾನಾ ಅಂತ ಕೇಳಲಿಲ್ಲ. ಎಲ್ಲಿ ಅಂತಾನೂ ಕೇಳಲಿಲ್ಲ.”

ದೊರೆ ನೆಲ ನೋಡುತ್ತ ಹೇಳಿದ. ಗೆಳೆಯ ಕಾಣೆಯಾದ ದಿನ ಅವನು ಗಾಜಿನ ಗೂಡಿನಲ್ಲಿ ಡ್ಯೂಟಿಯಲ್ಲಿದ್ದ. ಹನ್ನೊಂದರ ಬಸ್ಸು ಕೂಗಿ ಹೇಳುತ್ತಿದ್ದಾಗ ಗೆಳೆಯ ಅದನ್ನು ಹತ್ತುವುದು ಕಂಡಿತು. ಗೆಳೆಯನೂ ಇವನನ್ನು ಕಂಡ; ತುಟಿಯ ಮೇಲೆ ಬೆರಳಿಟ್ಟು ಹೇಳಬೇಡ ಎಂದು ಸನ್ನೆ ಮಾಡಿದ.

“ಎರಡು ದಿನದಲ್ಲಿ ಬರ್ತಾನೆ ಅಂದುಕೊಂಡೆ. ಅಷ್ಟರಲ್ಲಿ ಸೈಕಲ್ ಸಿಕ್ತು, ಪೊಲೀಸರು ಬಂದರು, ನೀರಿಗೆ ಜನ ಇಳಿದರು. ಆವಾಗ ಹೇಳೋ ಹೊತ್ತು ದಾಟಿಹೋಗಿತ್ತು. ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಅಂತಾರೆ ಅಂತ... ಒಂದೊಂದು ದಿನ ಹೋದ ಹಾಗೆ ಇನ್ನೂ ಕಷ್ಟ ಆಯ್ತು. ಒಳಗೆ ಇಟ್ಟುಕೊಂಡು ಇಟ್ಟುಕೊಂಡು ಕೊನೆಗೆ ಹಾಡಾಗಿ ಬಂತು.”

“ಹಾಡಾಗಿ ಬಂತು” ಎಂದರು ಮೇಷ್ಟ್ರು. “ಆ ತಾಯಿ ಮುಂದೆ ನಿಂತು ಎರಡೂವರೆ ವರ್ಷ ಹಾಡಿದೆ.”

“ಇವನೂ ಐದು ತಿಂಗಳು ಬಾರಿಸಿದ್ದಾನೆ” ಎಂದ ದೊರೆ, ಬದಲಿಯತ್ತ ಬೆರಳು ತೋರಿಸಿ. “ನನ್ನನ್ನ ಹಿಡಿದರೆ ಇವನನ್ನೂ ಹಿಡೀರಿ.”

ಬದಲಿ ಕೋಲುಗಳನ್ನು ಸ್ಟೂಲಿನ ಮೇಲಿಟ್ಟ.

ಕೂಗಾಟ, ಹೊಡೆದಾಟ ಏನೂ ಆಗಲಿಲ್ಲ. ಮೇಷ್ಟ್ರು ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು, ಕೊಕ್ಕೆ ಎರಡೂ ಬಿದ್ದವೇ ಎಂದು ನೋಡಿದರು, ಹೊರಗೆ ಹೋದರು. ಕಡ್ಡಿ ಗೋಡೆಯಿಂದ ತನ್ನ ವೈರುಗಳನ್ನು ಒಂದೊಂದಾಗಿ ಬಿಚ್ಚಿ ಸುತ್ತಿದ. ಕೊನೆಯ ವೈರು ಕಿತ್ತಾಗ ದೀಪವೂ ಹೋಯಿತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಬದಲಿಯೂ ದೊರೆಯೂ ಸ್ವಲ್ಪ ಹೊತ್ತು ಕತ್ತಲಲ್ಲೇ ಕೂತಿದ್ದರು. ‘ಕೊನೇ ಬಸ್ಸು’ ಬ್ಯಾಂಡು ಮುಗಿದದ್ದು ಹಾಗೆ.

ಮರುದಿನ ಬದಲಿ ಛಾಪಖಾನೆಗೆ ಹೋದ. ಹಿಂದಿನ ಕೋಣೆಯಲ್ಲಿ ಬೈಂಡಿಂಗ್ ಅಮ್ಮ ಕಾಗದದ ರಾಶಿಯ ನಡುವೆ ಕೂತು ಪುಟ ಮಡಿಚುತ್ತಿದ್ದಳು. ಮಡಿಚು, ಬೆರಳಿನಿಂದ ತೀಡು, ಬದಿಗಿಡು. ಅವನು ನಿಂತೇ ಹೇಳಿದ. ಆಕೆಯ ಕೈ ನಿಲ್ಲಲಿಲ್ಲ.

“ಸಣ್ಣಗಾಗಿದ್ದಾನಾ?”

“ಇಲ್ಲ. ಗಡ್ಡ ಬಿಟ್ಟಿದ್ದಾರೆ.”

“ಮಗು ಗಂಡೋ ಹೆಣ್ಣೋ?”

“ನೋಡಲಿಲ್ಲ. ಸದ್ದು ಕೇಳಿದೆ, ಅಷ್ಟೇ.”

ಇನ್ನೂ ನಾಲ್ಕೈದು ಪುಟ ಮಡಿಚಿದಳು. ಆಮೇಲೆ ತಲೆಯೆತ್ತಿದಳು. “ನಿನಗೆ ಯಾವತ್ತಿಂದ ಗೊತ್ತು?”

“ಐದು ತಿಂಗಳು.”

“ಐದು ತಿಂಗಳು” ಎಂದಳು. “ಇಷ್ಟು ದಿನ ನನ್ನ ಮುಂದೆ ಕೂತು ಬಾರಿಸಿದೆ. ನಾನು ನಿನ್ನ ಊಟ ವಿಚಾರಿಸ್ತಿದ್ದೆ.”

ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಜೊತೆಗೆ ಬರುತ್ತೇನೆ ಎಂದ; ಬೇಡವೆಂದು ತಲೆಯಾಡಿಸಿದಳು. ಅಂಗಡಿಯ ಗುರುತನ್ನು ಒಂದು ಹರಿದ ಪುಟದ ಮೇಲೆ ಬರೆಸಿಕೊಂಡು ಮಡಿಚಿ, ಅಂಚು ತೀಡಿ, ಚೀಲದಲ್ಲಿಟ್ಟುಕೊಂಡಳು. ಮರುದಿನದಿಂದ ಆಕೆ ಕೆಲಸಕ್ಕೆ ಬರಲಿಲ್ಲ. ತಿಂಗಳಾದ ಮೇಲೆ ಒಂದು ದಿನ ಬಂದು ಬಾಡಿಗೆ ಕೋಣೆ ಖಾಲಿ ಮಾಡಿಕೊಂಡು ಹೋದಳೆಂದು ಛಾಪಖಾನೆಯವರು ಹೇಳಿದರು. ಬದಲಿಯ ಅಂಗಡಿ ಇದ್ದದ್ದು ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ. ಆಕೆ ಒಳಗೆ ಬರಲಿಲ್ಲ.

ದೊರೆ ತನ್ನ ಗೂಡಿಗೆ ಮರಳಿದ. ಕಂಪನಿಯವರ ಕರೆಗೆ ಅವನು ಹೋಗಲಿಲ್ಲ ಎಂಬುದನ್ನು ಮಾತ್ರ ಹೇಳಲೇಬೇಕು. ಆದರೆ ಹಾಡು ಯಾರ ಮಾತೂ ಕೇಳದಷ್ಟು ದೂರ ಹೋಗಿತ್ತು. ಊರಿನ ಹುಡುಗರು ಸೇತುವೆಯ ಕಂಬಿಗೆ ಒಂದು ಗುಜರಿ ಸೈಕಲ್ಲು ಕಟ್ಟಿದರು. ಅದರ ಹ್ಯಾಂಡಲಿಗೆ ಜನ ಹೂವು ಸಿಕ್ಕಿಸಿ ಹೋಗತೊಡಗಿದರು. ನಾಲ್ವರಿಗೂ ನಿಜ ಗೊತ್ತಿತ್ತು, ನಾಲ್ವರೂ ಬಾಯಿ ಬಿಡಲಿಲ್ಲ. ತಾಯಿ ಮಗನ ವಿಷಯ ಅದು, ಅವರೇ ಹೇಳಬೇಕಾದದ್ದು ಎಂದುಕೊಂಡರು. ನಿಜವಾಗಿ ಅದಕ್ಕಾಗಿಯೋ, ಇಲ್ಲ ಹೆದರಿಕೆಯಿಂದಲೋ ಎನ್ನುವುದನ್ನು ಬದಲಿ ಕೊನೆಗೂ ಬಿಡಿಸಿಕೊಳ್ಳಲಾರದೆ ಹೋದ.

ಅವನು ಮತ್ತೆ ಡ್ರಮ್ಮು ಮುಟ್ಟಲಿಲ್ಲ. ಮದುವೆಯಾದ. ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು, ಒಂದನ್ನೂ ತಪ್ಪದೆ ಎಣಿಸಿ ಕೊಡುವ ಸ್ವಭಾವ. ಮದುವೆಯಾಗಿ ಎರಡನೆಯ ವಾರಕ್ಕೇ ಅವಳಿಗೆ ಎಲ್ಲ ಹೇಳಿದ. ಅವಳು ಕೇಳಿಸಿಕೊಂಡು, “ಟೀ ಅಂಗಡಿಯಲ್ಲಿ ನೀವು ಆಗಲ್ಲ ಅಂದಿದ್ದರೆ ಏನಾಗ್ತಿತ್ತು?” ಎಂದಳು. “ಗೊತ್ತಿಲ್ಲ” ಎಂದ. “ನನಗೂ ಗೊತ್ತಿಲ್ಲ” ಎಂದಳು. ಹಾಗೆಂದದ್ದಕ್ಕೇ ಅವನಿಗೆ ಅವಳ ಮೇಲೆ ನಂಬಿಕೆ ಬಂತು. ಕುತ್ತಿಗೆಯ ಮೇಲಿನ ಉಸಿರು ಮಾತ್ರ ಹೋಗಲಿಲ್ಲ. ಕೆಲಸದಲ್ಲಿ ತಲ್ಲೀನನಾಗಿರುವಾಗ ಯಾರೋ ಹಿಂದೆ ನಿಂತಿದ್ದಾರೆ ಎನ್ನಿಸಿ ಎದ್ದು ಜಾಗ ಬಿಡುತ್ತಿದ್ದ. ಬಿಟ್ಟಮೇಲೆ ನಾಚಿಕೆಯಾಗಿ ಮತ್ತೆ ಕೂರುತ್ತಿದ್ದ.

ಬ್ಯಾಂಡು ಮುಗಿದ ಹದಿನಾಲ್ಕು ವರ್ಷಗಳ ನಂತರ ಹೆಂಡತಿಯೇ ಅವನನ್ನು ಹೊರಡಿಸಿದಳು. “ಹೋಗಿ ನೋಡಿಕೊಂಡು ಬನ್ನಿ. ಬೈಸಿಕೊಳ್ಳೋದಿದ್ದರೆ ಬೈಸಿಕೊಂಡು ಬನ್ನಿ.”

ಟ್ರಂಕಿನ ಬೀದಿಯಲ್ಲಿ ಈಗ ಸದ್ದೇ ಇರಲಿಲ್ಲ. ಕೊನೆಯಿಂದ ಎರಡನೆಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಪಕ್ಕದಲ್ಲೊಂದು ಕ್ಷೌರದಂಗಡಿ. ಬದಲಿ ಒಳಗೆ ಹೋಗಿ ಕುರ್ಚಿಯಲ್ಲಿ ಕೂತ. ಸೋಪು ಹಚ್ಚಿಸಿಕೊಳ್ಳುತ್ತ, ಪಕ್ಕದಲ್ಲಿ ಟ್ರಂಕು ಮಾಡುವವರಿದ್ದರಲ್ಲ ಎಂದ.

“ಓ, ಅವರು ಬಿಟ್ಟುಹೋಗಿ ಆರೇಳು ವರ್ಷ ಆಯ್ತು” ಎಂದ ಕ್ಷೌರಿಕ. “ಟ್ರಂಕು ಯಾರು ತಗೋತಾರೆ ಈಗ? ಹೆಂಡತಿ ಊರ ಕಡೆ ಹೋದರು ಅಂತ ಕಾಣುತ್ತೆ.”

“ಜೊತೆಗೆ ಒಬ್ಬರು ವಯಸ್ಸಾದ ಅಮ್ಮ ಇದ್ದರಾ?”

“ಇದ್ದರಲ್ಲ, ಅವರ ತಾಯಿ. ಆಮೇಲಾಮೇಲೆ ಬಂದು ಸೇರಿಕೊಂಡರು. ಅಬ್ಬಾ, ಏನು ಬಾಯಿ ಅಂತೀರಿ. ಮಗನನ್ನ ದಿನಾ ಬೆಳಿಗ್ಗೆ ಬೈಯೋರು, ಇಡೀ ಬೀದಿಗೆ ಕೇಳ್ತಿತ್ತು.”

“ಯಾಕೆ ಬೈತಿದ್ದರು?”

“ಏನೂ ಇಲ್ಲ, ಎಲ್ಲರ ಮನೆ ಥರಾನೇ. ಸ್ನಾನಕ್ಕೆ ತಡ ಮಾಡ್ತಾನೆ, ಕರೆದರೆ ಓಗೊಡಲ್ಲ, ಹೊರಗೆ ಹೋಗೋವಾಗ ಹೇಳಿ ಹೋಗಲ್ಲ ಅಂತ. ಆ ಮನುಷ್ಯ ಒಂದು ಮಾತು ತಿರುಗಿ ಆಡ್ತಿರಲಿಲ್ಲ. ಟೀ ಕುಡಿಯೋಕೆ ಹೋಗಬೇಕಾದರೂ ಒಳಗೆ ಹೋಗಿ ಹೇಳಿಯೇ ಹೋಗೋನು.” ಕತ್ತಿ ಗಲ್ಲದ ಹತ್ತಿರ ಬಂದು ನಿಂತಿತು. “ಸ್ವಾಮಿ, ಮಾತಾಡಬೇಡಿ ಈಗ, ಗಾಯ ಆಗುತ್ತೆ.”

ಬದಲಿ ಕಣ್ಣು ಮುಚ್ಚಿಕೊಂಡ. ಅವರು ಹೋದ ಊರು ಯಾವುದೆಂದು ಬೀದಿಯಲ್ಲಿ ಇನ್ನಿಬ್ಬರನ್ನು ಕೇಳಿ ನೋಡಿದ, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಧ್ಯಾಹ್ನದ ಬಸ್ಸು ಹಿಡಿದು ವಾಪಸಾದ.

ಹೆಂಡತಿ ಬಾಗಿಲಲ್ಲೇ ಕೇಳಿದಳು. “ಸಿಕ್ಕರಾ?”

“ಇಲ್ಲ” ಎಂದ ಅವನು, ಚಪ್ಪಲಿ ಬಿಡುತ್ತ. “ಒಟ್ಟಿಗೇ ಇದ್ದರಂತೆ.”